ಆನಂದಮೈಡ್: ಅಂಜಿಕೆ ಇಳಿಸುವ ಒಂದು ರಸದ ಇತಿಹಾಸ

ಇತಿಹಾಸ ಬರೀರಿ ಅಂದ್ರ ನಮ್ಮ ಕಡೆಯವರು ಕೋಟೆ, ಶಾಸನ, ಮಠ, ಸಂಸ್ಥಾನ ಇವನ್ನು ಬರೆಯುತ್ತಾರೆ. ಅದೂ ಬೇಕು. ನಾನು ಸೋಲಾಪುರದಾಗ ಇಪ್ಪತ್ತೆಂಟು ವರ್ಷ ಔಷಧಿ ಅಂಗಡಿಯ ಕೌಂಟರ್ ಹಿಂದ ನಿಂತವ. ನನ್ನ ಕೈಯಾಗ ಹಾದು ಹೋದದ್ದು ತಾಮ್ರಪಟ ಅಲ್ಲ, ಗುಳಿಗಿ. ಹಿಂಗಾಗಿ ಈ ಲೇಖನದಲ್ಲಿ ಒಂದು ಗಿಡದ ಇತಿಹಾಸ ಹೇಳುತ್ತೇನೆ. ಆ ಗಿಡವನ್ನು ಬೆನ್ನು ಹತ್ತಿ ಹೋದ ವಿಜ್ಞಾನಿಗಳಿಗೆ ಕಡೆಗೆ ನಮ್ಮ ಮಿದುಳಿನೊಳಗೇ ಸಿಕ್ಕ ಒಂದು ರಸದ ಇತಿಹಾಸವನ್ನೂ ಹೇಳುತ್ತೇನೆ. ಆ ರಸಕ್ಕೂ ಅಂಜಿಕೆಗೂ ಗಟ್ಟಿ ಸಂಬಂಧ ಇದೆ. ಅಂಜಿಕೆ ಅಂದ್ರ ಏನು ಅಂತ ಅಕ್ಕಲಕೋಟ, ಉಮರ್ಗಾ, ಆಳಂದ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1993 ಕಲಿಸಿ ಹೋಗಿದೆ. ಆ ಮಾತು ಮುಂದೆ ಬರುತ್ತದೆ.

ಗಿಡ ಯಾವುದು ಅಂದ್ರ ಭಂಗಿ. ಅದರ ಎಲಿ ಅರೆದರೆ ಭಂಗಿ, ಹೂವಿನ ತುದಿ ಒಣಗಿಸಿದರೆ ಗಾಂಜಾ, ಅಂಟು ತೆಗೆದರೆ ಚರಸ್. ಗುಡಿಯ ಕಟ್ಟಿ ಮ್ಯಾಲ ಕೂತು ಚಿಲುಮಿ ಸೇದುವ ಸಾಧುಗಳನ್ನ ನೋಡದವರು ನಮ್ಮಲ್ಲಿ ಕಡಿಮೆ. 1985ರ ಮಾದಕವಸ್ತು ಕಾಯ್ದೆ ಗಾಂಜಾ, ಚರಸ್ ಎರಡನ್ನೂ ಅಪರಾಧ ಮಾಡಿತು. ಬರೀ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟು ರಾಜ್ಯಗಳಿಗೆ ಬಿಟ್ಟಿತು. ಅದಿರಲಿ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮ ಮೊದಲಾಗಿ ಐದು ಸಸ್ಯಗಳ ಹೆಸರು ಹೇಳಿ, ಇವು ನಮ್ಮನ್ನು 'ಅಂಹಸ್'ನಿಂದ ಬಿಡಿಸಲಿ ಅಂತ ಬೇಡುವ ಒಂದು ಮಂತ್ರ ಇದೆ. ಐದರಲ್ಲಿ ಒಂದರ ಹೆಸರು ಭಂಗ. ಅಲ್ಲಿಯ ಭಂಗ ಇವತ್ತಿನ ಭಂಗಿಯೇ ಹೌದೋ ಅಲ್ಲೋ ಅಂತ ಪಂಡಿತರ ವಾದ ಇನ್ನೂ ಮುಗಿದಿಲ್ಲ. ನನಗೆ ಮನಸ್ಸಿಗೆ ಹತ್ತಿದ್ದು ಅಂಹಸ್ ಅನ್ನುವ ಶಬ್ದ. ಅದಕ್ಕೆ ಪಾಪ, ಸಂಕಟ ಅಂತೆಲ್ಲ ಅರ್ಥ ಹೇಳುತ್ತಾರೆ, ಆದರೆ ಮೂಲದಲ್ಲಿ ಅದು ಇಕ್ಕಟ್ಟು. ಇಂಗ್ಲಿಷಿನ 'ಆಂಗ್ಸೈಟಿ' ಅನ್ನುವ ಮಾತೂ ಲ್ಯಾಟಿನ್ ಮೂಲಕ ಇದೇ ಬೇರಿನಿಂದ ಬಂದದ್ದು ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಎದಿ ಬಿಗಿಯೋದು, ಗಂಟಲು ಕಟ್ಟೋದು, ಉಸಿರಿಗೆ ಜಾಗ ಸಾಲದಂಗ ಆಗೋದು. ಅಂಜಿಕೆ ಹಿಡಿದ ಮನುಷ್ಯ ಹೇಳೋದು ಇವತ್ತಿಗೂ ಅದನ್ನೇ.

ಔಷಧಿ ಅಂತ ಈ ಗಿಡವನ್ನು ಯುರೋಪಿನ ವೈದ್ಯರಿಗೆ ತೋರಿಸಿದವನು ವಿಲಿಯಂ ಬ್ರೂಕ್ ಓ'ಶಾಘ್ನೆಸ್ಸಿ ಅನ್ನುವ ಐರಿಷ್ ಡಾಕ್ಟರ್. 1833ರಲ್ಲಿ ಕಂಪನಿ ಸರ್ಕಾರದ ಚಾಕರಿಗೆ ಕಲಕತ್ತಾಕ್ಕೆ ಬಂದ. ಅಲ್ಲಿಯ ವೈದ್ಯರನ್ನು, ಹಕೀಮರನ್ನು ಕೇಳಿ ತಿಳಿದುಕೊಂಡ. ಮೊದಲು ನಾಯಿ, ಆಡುಗಳಿಗೆ ಕೊಟ್ಟು ನೋಡಿದ, ಆಮೇಲೆ ರೋಗಿಗಳಿಗೆ ಕೊಟ್ಟ. 1839ರಲ್ಲಿ ಅದನ್ನೆಲ್ಲ ಬರೆದು ಓದಿದ. ಧನುರ್ವಾಯು, ಕಾಲರಾ, ಸಂಧಿವಾತ, ಕೂಸುಗಳ ಸೆಳವು ಇಂಥವೆಲ್ಲ ಅದರಲ್ಲಿವೆ. ಅವುಗಳ ನಡುವೆ ಹುಚ್ಚುನಾಯಿ ಕಡಿದ ಒಬ್ಬ ರೋಗಿಯ ಕತೆಯೂ ಇದೆ. ಆ ರೋಗದಲ್ಲಿ ನೀರು ಕಂಡರೇ ಮೈ ನಡುಗುತ್ತದೆ. ಭಂಗಿಯ ಸತ್ವ ಕೊಟ್ಟ ಮೇಲೆ ಆ ಒದ್ದಾಟ ಇಳಿದು ಅವನು ಒಂದಿಷ್ಟು ಬಾಯಿಗೆ ಹಾಕಿಕೊಂಡ. ಜೀವ ಉಳಿಯಲಿಲ್ಲ, ಉಳಿಯುವ ರೋಗವೂ ಅಲ್ಲ ಅದು. ಆದರೂ ಆ ಡಾಕ್ಟರ್ ಸುಳ್ಳು ಹೇಳದೆ ಇದ್ದದ್ದು ಇದ್ದಂಗ ಬರೆದಿಟ್ಟ. ಮುಂದೆ ಇದೇ ಮನುಷ್ಯ ಹಿಂದುಸ್ಥಾನಕ್ಕೆ ತಂತಿ ಟಪಾಲಿನ ಜಾಲ ಹಾಕಿದ. ಔಷಧಿ ಅಂಗಡಿಯವರಿಗೂ ಪೋಸ್ಟ್ ಆಫೀಸಿನವರಿಗೂ ಒಬ್ಬನೇ ಪೂರ್ವಜ!

ಅತ್ತ ಪ್ಯಾರಿಸಿನಲ್ಲಿ ಜಾಕ್ ಜೋಸೆಫ್ ಮೊರೋ ಅನ್ನುವ ಮನೋವೈದ್ಯ ತಾನೇ ಚರಸ್ ತಿಂದು ತನ್ನ ಮನಸ್ಸಿನಲ್ಲಿ ಆದದ್ದನ್ನು ಬರೆದಿಟ್ಟುಕೊಂಡು 1845ರಲ್ಲಿ ಪುಸ್ತಕ ಮಾಡಿದ. ಹುಚ್ಚು ಅಂದರೇನು ಅಂತ ಹೊರಗೆ ನಿಂತು ತಿಳಿಯುವುದಿಲ್ಲ, ಒಳಗೆ ಹೋಗಿ ನೋಡಬೇಕು ಅನ್ನುವುದು ಅವನ ವಾದ. ಗಿಡ ಒಂದೇ, ಕಲಕತ್ತಾದಲ್ಲಿ ಕಂಡದ್ದು ಶಾಂತಿ, ಪ್ಯಾರಿಸಿನಲ್ಲಿ ಕಂಡದ್ದು ಹುಚ್ಚಿನ ನೆರಳು. ಈ ಎರಡು ಮುಖದ ಒಗಟು ನೂರೈವತ್ತು ವರ್ಷ ಬಿಡಿಸಲಿಲ್ಲ.

ಒಗಟು ಸರ್ಕಾರದ ತನಕವೂ ಹೋಯಿತು. 1893ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದು, ಗಾಂಜಾದಿಂದ ಹಿಂದುಸ್ಥಾನದ ಮಂದಿ ಹುಚ್ಚರಾಗುತ್ತಿದ್ದಾರೋ ಏನು ಅಂತ ನೋಡಲು ಒಂದು ಆಯೋಗ ಕೂತಿತು. ಏಳು ಜನ ಸದಸ್ಯರು, ಅದರಲ್ಲಿ ಮೂವರು ನಮ್ಮವರು. 1193 ಸಾಕ್ಷಿಗಳನ್ನು ಕೇಳಿ, 1894ರಲ್ಲಿ ಏಳು ಸಂಪುಟದ ವರದಿ ಕೊಟ್ಟಿತು. ಆ ಕಾಲದ ಸರ್ಕಾರಿ ಕಾಗದಗಳಲ್ಲಿ ಇಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಅಪರೂಪ ಅಂತ ನನ್ನ ಅಭಿಪ್ರಾಯ. ಹುಚ್ಚರ ಆಸ್ಪತ್ರೆಗಳ ರಿಜಿಸ್ಟರಿನಲ್ಲಿ 'ಕಾರಣ: ಗಾಂಜಾ' ಅಂತ ಬರೆದದ್ದನ್ನು ಅವರು ಹಾಗೇ ನಂಬಲಿಲ್ಲ. 1892ರಲ್ಲಿ ಸೇರಿದವರ ಒಂದೊಂದೇ ಪ್ರಕರಣ ಹಿಡಿದು ಊರಿಗೆ ಹೋಗಿ ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚು ನಿಲ್ಲಲೇ ಇಲ್ಲ. ಯಾಕಂದ್ರ ರೋಗಿಯನ್ನು ತಂದ ಪೊಲೀಸನಿಗೆ ಕಾರಣ ಗೊತ್ತಿರಲಿಲ್ಲ, ಖಾನೆ ಖಾಲಿ ಬಿಡುವಂಗಿರಲಿಲ್ಲ, ಗಾಂಜಾ ಅಂತ ಬರೆದು ಕೈ ತೊಳೆದುಕೊಂಡಿದ್ದ. ಮಿತವಾಗಿ ಸೇವಿಸಿದರೆ ದೊಡ್ಡ ಹಾನಿ ಇಲ್ಲ, ಅತಿಯಾದರೆ ಹಾನಿ, ಪೂರ್ತಿ ಬಂದ್ ಮಾಡುವ ಅಗತ್ಯ ಇಲ್ಲ ಅಂತ ಆಯೋಗ ಹೇಳಿತು.

ಇಷ್ಟಾದರೂ ಗಿಡದೊಳಗೆ ಕೆಲಸ ಮಾಡುವ ವಸ್ತು ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಅಫೀಮಿನಿಂದ ಮಾರ್ಫಿನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬೇರ್ಪಟ್ಟಿತ್ತು. ಭಂಗಿಯ ರಸ ಮಾತ್ರ ಎಣ್ಣೆಯಂಥಾದ್ದು, ಹತ್ತಾರು ವಸ್ತುಗಳು ಒಂದಕ್ಕೊಂದು ಅಂಟಿಕೊಂಡಿರುವಂಥಾದ್ದು, ಸುಲಭಕ್ಕೆ ಬಿಡಿಸಲು ಬರುತ್ತಿರಲಿಲ್ಲ. ಕೆಲಸ ಮುಗಿಸಿದವರು ಇಸ್ರೇಲಿನ ರಾಫೇಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೋನಿ, 1964ರಲ್ಲಿ. ಮೆಕೌಲಮ್ ಹುಟ್ಟಿದ್ದು ಬಲ್ಗೇರಿಯಾದ ಸೋಫಿಯಾದಲ್ಲಿ. ಸಂಶೋಧನೆಗೆ ಚರಸ್ ಎಲ್ಲಿಂದ ತರಬೇಕು? ಪೊಲೀಸರು ಹಿಡಿದಿಟ್ಟಿದ್ದ 5 ಕಿಲೋ ಲೆಬನಾನ್ ಚರಸ್ ಕೇಳಿ ಇಸಿದುಕೊಂಡು, ಸಾದಾ ಬಸ್ಸಿನಲ್ಲಿ ಪ್ರಯೋಗಶಾಲೆಗೆ ಹೊತ್ತುಕೊಂಡು ಹೋದ. ಬಸ್ಸಿನ ಮಂದಿ ಇದೆಂಥಾ ವಾಸನೆ ಅಂತ ಮೂಗು ಅರಳಿಸಿದರಂತೆ. ಅದರಿಂದ ಸಿಕ್ಕ ಮುಖ್ಯ ವಸ್ತುವಿಗೆ ಟಿಎಚ್‌ಸಿ ಅಂತ ಹೆಸರು. ಕ್ಯಾನಬಿಡಿಯಾಲ್, ಅಂದ್ರ ಸಿಬಿಡಿ ಅನ್ನುವ ಇನ್ನೊಂದು ವಸ್ತುವಿನ ರಚನೆಯನ್ನೂ ಅವನ ತಂಡ ಹಿಂದಿನ ವರ್ಷವೇ ಬಿಡಿಸಿತ್ತು.

ಆಮೇಲೆ ಒಂದು ದಿನ ಮೆಕೌಲಮ್‌ನ ಹೆಂಡತಿ ಡಾಲಿಯಾ ಕೇಕ್ ಮಾಡಿದಳು. ಗೆಳೆಯರನ್ನು ಮನೆಗೆ ಕರೆದರು. ಐದು ಜನರ ತುಂಡಿನಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ, ಉಳಿದವರದ್ದು ಬರೀ ಕೇಕ್. ತಿಂದವರಲ್ಲಿ ಒಬ್ಬರ ಹಂಗ ಒಬ್ಬರಿಗೆ ಆಗಲಿಲ್ಲ. ಒಬ್ಬ ಬೇರೆ ಲೋಕಕ್ಕೆ ಹೋದೆ ಅಂದ. ಒಬ್ಬ ನನಗೇನೂ ಆಗಿಲ್ಲ ಅನ್ನುತ್ತ ಬಾಯಿ ಮುಚ್ಚದೆ ಮಾತಾಡಿದ. ಒಬ್ಬರಿಗೆ ಸುಮ್ಮಸುಮ್ಮನೆ ನಗು. ಇನ್ನೊಬ್ಬರಿಗೆ ಮಾತ್ರ ಗಾಬರಿ ಹಿಡಿಯಿತು. ಶುದ್ಧ ಮಾಡಿ ತೂಕ ಮಾಡಿ ಎಲ್ಲರಿಗೂ ಒಂದೇ ಪ್ರಮಾಣ ಕೊಟ್ಟಾಗಲೂ ಹೀಗೆ! ಅಂದ ಮೇಲೆ ಒಗಟು ಗಿಡದಲ್ಲಿ ಇರಲಿಲ್ಲ, ತಿಂದವರ ತಲೆಯೊಳಗೇ ಇತ್ತು.

ತಲೆಯೊಳಗೆ ಹುಡುಕಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಟಿಎಚ್‌ಸಿ ಎಣ್ಣೆಯಂಥ ವಸ್ತು ಆದ್ದರಿಂದ ಜೀವಕೋಶದ ಪೊರೆಯನ್ನು ಸಡಿಲು ಮಾಡಿ ನಶೆ ತರುತ್ತದೆ, ಅಷ್ಟೇ, ಅಂತ ಬಹಳ ಮಂದಿ ತಿಳಿದಿದ್ದರು. 1988ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆಲಿನ್ ಹೌಲೆಟ್ ಮತ್ತು ಅವರ ಶಿಷ್ಯ ವಿಲಿಯಂ ಡೆವೇನ್ ಇಲಿಯ ಮಿದುಳಿನಲ್ಲಿ ಇದಕ್ಕೆಂದೇ ಇರುವ ಒಂದು ಗ್ರಾಹಕವನ್ನು ತೋರಿಸಿದರು. ಗ್ರಾಹಕ ಅಂದ್ರ ಕೀಲಿಗೆ ಕಿಲಿಕೈ ಕೂಡುವಂಗ ಒಂದು ಗೊತ್ತಾದ ವಸ್ತು ಬಂದು ಕೂಡುವ ಜಾಗ. 1990ರಲ್ಲಿ ಅದರ ಜೀನ್ ಸಿಕ್ಕಿತು, ಸಿಬಿ-1 ಅಂತ ಹೆಸರಾಯಿತು. ಅದೇ ವರ್ಷ ಅದು ಮಿದುಳಿನಲ್ಲಿ ಎಲ್ಲೆಲ್ಲಿ ಇದೆ ಅನ್ನುವ ನಕಾಶೆಯೂ ಬಂತು. ನೆನಪು, ನಡಿಗೆಯ ಹಿಡಿತ, ಅಂಜಿಕೆ ಇವುಗಳ ಜಾಗದಲ್ಲೆಲ್ಲ ಅದು ಇದೆ. ಉಸಿರಾಟ ನಡೆಸುವ ಮಿದುಳಿನ ಬುಡದಲ್ಲಿ ಬಹಳ ಕಡಿಮೆ. ಅಫೀಮು ಹೆಚ್ಚಾದರೆ ಉಸಿರು ನಿಂತು ಸಾಯುವಂಗ ಭಂಗಿಯಿಂದ ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಕಾರಣ ಅಲ್ಲಿತ್ತು.

ಈಗ ಬೇರೆ ಪ್ರಶ್ನೆ ಎದ್ದಿತು. ಭಂಗಿ ಕುಡಿಯದ ಇಲಿಗೆ, ಹಂದಿಗೆ, ಮನುಷ್ಯನಿಗೆ ದೇವರು ಈ ಕೀಲಿ ಯಾಕೆ ಕೊಟ್ಟ? ಒಳಗೇ ಒಂದು ಕಿಲಿಕೈ ಇರಲೇಬೇಕಲ್ಲ. ಡೆವೇನ್ ಜೆರುಸಲೇಮಿಗೆ ಮೆಕೌಲಮ್ ಹತ್ತಿರ ಹೋದ. ಅಲ್ಲಿ ಝೆಕ್ ದೇಶದ ಲುಮೀರ್ ಹನೂಶ್ ಜೊತೆ ಸೇರಿ ಹಂದಿಯ ಮಿದುಳುಗಳನ್ನು ಅರೆದು, ಸೋಸಿ, ಬೇರ್ಪಡಿಸಿ 1992ರಲ್ಲಿ ಆ ವಸ್ತುವನ್ನು ಹಿಡಿದರು. ಅದಕ್ಕಿಟ್ಟ ಹೆಸರು ಆನಂದಮೈಡ್. ಸಂಸ್ಕೃತದ ಆನಂದ, ರಸಾಯನಶಾಸ್ತ್ರದ ಅಮೈಡ್, ಎರಡೂ ಕೂಡಿ. ಯಹೂದಿಗಳ ಊರಿನಲ್ಲಿ, ಹಂದಿಯ ಮಿದುಳಿನಿಂದ, ಸಂಸ್ಕೃತದ ಹೆಸರು! ತೈತ್ತಿರೀಯ ಉಪನಿಷತ್ತಿನ ಆನಂದವಲ್ಲಿಯಲ್ಲಿ ಬ್ರಹ್ಮದ ಆನಂದ ತಿಳಿದವನಿಗೆ ಯಾವುದರ ಭಯವೂ ಇಲ್ಲ ಅನ್ನುವ ಮಾತು ಬರುತ್ತದೆ. ಹೆಸರಿಡುವಾಗ ಈ ರಸಕ್ಕೂ ಭಯಕ್ಕೂ ಏನು ಸಂಬಂಧ ಅಂತ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಹತ್ತು ವರ್ಷ ಆದ ಮೇಲೆ. 1995ರಲ್ಲಿ ಇದೇ ಬಗೆಯ ಇನ್ನೊಂದು ರಸ, 2-ಎಜಿ, ಸಿಕ್ಕಿತು. ಮಿದುಳಿನಲ್ಲಿ ಅದರ ಪ್ರಮಾಣ ಆನಂದಮೈಡ್‌ಗಿಂತ ಬಹಳ ಹೆಚ್ಚು.

ಈ ರಸಗಳು ಕೆಲಸ ಮಾಡುವ ರೀತಿ ವಿಚಿತ್ರ. ಸಾಮಾನ್ಯವಾಗಿ ಮಿದುಳಿನಲ್ಲಿ ಸುದ್ದಿ ಒಂದೇ ದಿಕ್ಕಿಗೆ ಹೋಗುತ್ತದೆ, ಮೊದಲನೆಯ ನರಕೋಶದಿಂದ ಎರಡನೆಯದಕ್ಕೆ. 2001ರಲ್ಲಿ ಅಮೆರಿಕ, ಜಪಾನಿನ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ಸಂಗತಿ ಕಂಡವು. ಈ ರಸ ಎರಡನೆಯ ಕೋಶದಲ್ಲಿ ಹುಟ್ಟಿ ಹಿಂದಕ್ಕೆ ಹೋಗುತ್ತದೆ. ನಮ್ಮ ಹೊಲದಾಗ ಕಬ್ಬಿಗೆ ನೀರು ಬಿಡೋದನ್ನ ನೆನಸಿಕೊಳ್ರಿ. ಬಾವಿ ಹತ್ತಿರ ಒಬ್ಬ ಮೋಟಾರು ಚಾಲೂ ಮಾಡಿ ಕೂತಿರುತ್ತಾನೆ. ಸಾಲಿನ ತುದಿಯಲ್ಲಿ ನಿಂತವ ನೀರು ತುಂಬಿದ ಕೂಡಲೆ ಕೂಗುತ್ತಾನೆ, "ಸಾಕೋ, ಬಂದ್ ಮಾಡೋ!" ಆ ಕೂಗೇ ಆನಂದಮೈಡ್, 2-ಎಜಿ. ಮೊದಲೇ ಮಾಡಿಟ್ಟುಕೊಂಡ ದಾಸ್ತಾನು ಅಲ್ಲ ಅದು, ಬೇಕಾದಾಗ ಬೇಕಾದಲ್ಲಿ ಅಷ್ಟೇ ಹುಟ್ಟುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಒಡೆದು ಹಾಕುವ ಕಿಣ್ವವೂ ಅಲ್ಲೇ ಇದೆ. ಆನಂದಮೈಡನ್ನು ಒಡೆಯುವ ಕಿಣ್ವಕ್ಕೆ ಚುಟುಕಾಗಿ 'ಫಾ' ಅಂತ ಕರೆಯುತ್ತಾರೆ. ಕೂಗು ಗಾಳಿಯಲ್ಲಿ ಉಳಿದರೆ ನಾಳೆಯೂ ಮೋಟಾರು ಚಾಲೂ ಆಗಲಿಕ್ಕಿಲ್ಲ, ಅದಕ್ಕೆ ಈ ವ್ಯವಸ್ಥೆ.

ಅಂಜಿಕೆಯ ಮಾತು ನಿಕ್ಕಿ ಆದದ್ದು 2002ರಲ್ಲಿ. ಜರ್ಮನಿಯ ಮ್ಯೂನಿಕ್‌ನಲ್ಲಿ ಜೊವಾನಿ ಮಾರ್ಸಿಕಾನೊ, ಬೀಟ್ ಲುಟ್ಸ್ ಮತ್ತವರ ಸಂಗಾತಿಗಳು ಸಿಬಿ-1 ಇಲ್ಲದಂತೆ ಹುಟ್ಟಿಸಿದ ಇಲಿಗಳನ್ನು ತೆಗೆದುಕೊಂಡರು, ಜೊತೆಗೆ ಸಾದಾ ಇಲಿಗಳನ್ನೂ. ಒಂದು ಸ್ವರ ಕೇಳಿಸಿ ಕಾಲಿಗೆ ಸಣ್ಣ ಶಾಕ್ ಕೊಟ್ಟರು, ಒಂದೇ ಸಲ. ಮರುದಿನ ಬರೀ ಸ್ವರ ಕೇಳಿಸಿದರೂ ಎರಡೂ ಬಗೆಯ ಇಲಿಗಳು ಕಲ್ಲಿನಂಗ ನಿಂತವು. ಅಂದ್ರ ಅಂಜಿಕೆ ಕಲಿಯುವುದರಲ್ಲಿ ಇಬ್ಬರೂ ಸಮ. ಆಮೇಲೆ ಮತ್ತೆ ಮತ್ತೆ ಸ್ವರ ಮಾತ್ರ ಕೇಳಿಸಿದರು, ಶಾಕ್ ಇಲ್ಲ. ಸಾದಾ ಇಲಿಗಳು ಬರಬರುತ್ತ ಇದು ಬರೀ ಸಪ್ಪಳ ಅಂತ ತಿಳಿದು ಓಡಾಡತೊಡಗಿದವು. ಸಿಬಿ-1 ಇಲ್ಲದವು ನಿಂತಲ್ಲೇ ನಿಂತವು. ಸಾದಾ ಇಲಿಗಳಿಗೂ ಸಿಬಿ-1 ಮುಚ್ಚುವ ಔಷಧಿ ಕೊಟ್ಟಾಗ ಹಾಗೇ ಆಯಿತು. ಸ್ವರ ಕೇಳುವ ಹೊತ್ತಿಗೆ ಮಿದುಳಿನ ಅಮಿಗ್ಡಾಲಾ ಅನ್ನುವ ಬಾದಾಮಿಯಷ್ಟು ಜಾಗದಲ್ಲಿ ಆನಂದಮೈಡ್, 2-ಎಜಿ ಎರಡೂ ಏರಿದ್ದವು. ಅಂಜಿಕೆ ಹುಟ್ಟಲಿಕ್ಕೆ ಈ ರಸ ಬೇಕಿಲ್ಲ, ಇಳಿಯಲಿಕ್ಕೆ ಬೇಕು.

ಇದನ್ನು ನಾನು ಓದಿದ್ದು ಬಹಳ ತಡವಾಗಿ, ಒಂದು ಔಷಧಿ ಪತ್ರಿಕೆಯಲ್ಲಿ. ಓದಿದಾಗ ನೆನಪಾದದ್ದು ನಮ್ಮ ಅತ್ತಿ. 1993ರ ಸೆಪ್ಟೆಂಬರ್ 30, ಅನಂತ ಚತುರ್ದಶಿಯ ಗಣಪತಿ ಕಳಿಸಿ ಬಂದು ಮಂದಿ ಮಲಗಿದ್ದ ರಾತ್ರಿ, ನಾಲ್ಕಕ್ಕೆ ನಾಲ್ಕು ನಿಮಿಷ ಇತ್ತು. ಕಿಲ್ಲಾರಿಯ ಭೂಕಂಪ. ಲಾತೂರ, ಉಸ್ಮಾನಾಬಾದ ಜಿಲ್ಲೆಯ ಹಳ್ಳಿಗೆ ಹಳ್ಳಿಗಳೇ ನೆಲಸಮ ಆದವು, ಸಾವಿರಾರು ಜನ ಸತ್ತರು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮ್ಯಾಲ ಮಣ್ಣಿನ ಮಾಳಗಿ, ನಮ್ಮ ಪೂರ್ವಜರು ಬಿಸಿಲಿಗೆ ಅಂತ ಕಟ್ಟಿದ್ದು. ಅದೇ ಗೋರಿ ಆಯಿತು. ನಮ್ಮೂರು ಅಷ್ಟು ಹತ್ತಿರ ಇರಲಿಲ್ಲ. ನಮ್ಮ ಮನೆಯ ಹಿತ್ತಲ ಗೋಡೆ ಒಂದು ಬಿತ್ತು, ಜೀವಕ್ಕೆ ಏನೂ ಆಗಲಿಲ್ಲ. ಆದರೆ ನೆಲದೊಳಗಿಂದ ಬಂದ ಆ ಗುಡುಗಿನಂಥ ಸಪ್ಪಳ ಕೇಳಿದವರು ಮರೆಯಲಿಲ್ಲ. ವಾರಗಟ್ಟಲೆ ಊರಿಗೆ ಊರೇ ಅಂಗಳದಾಗ, ಹೊಲದಾಗ ಮಲಗಿತು.

ದೀಪಾವಳಿ ಹೊತ್ತಿಗೆ ಹುಡುಗರೆಲ್ಲ ಒಳಗೆ ಮಲಗತೊಡಗಿದರು. ಗಂಡಸರು ಒಬ್ಬೊಬ್ಬರೇ ಒಳಗೆ ಹೋದರು. ಅತ್ತಿ ಹೋಗಲಿಲ್ಲ. ತಗಡಿನ ಶೆಡ್ಡಿನಾಗ ಮಲಗುವಳು, ಮಳಿ ಬಂದರೂ ಅಲ್ಲೇ. ರಾತ್ರಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋದರೆ ಎದ್ದು ನಿಲ್ಲುವಳು, ಎದಿ ಹಿಡಕೊಂಡು, ಬೆವರಿನಾಗ ತೊಯ್ದು. "ಬಂತು, ಬಂತು" ಅನ್ನುವಳು. ಯಾರೋ ದೆವ್ವ ಹಿಡದದ ಅಂದರು, ತಾಯತ ಕಟ್ಟಿಸಿದರು. 2001ರ ಜನವರಿ 26ಕ್ಕೆ ಗುಜರಾತಿನ ಭುಜ್ ಭೂಕಂಪ ಟಿವಿಯಲ್ಲಿ ತೋರಿಸಿದಾಗ, ಅಷ್ಟಿಷ್ಟು ಸುಧಾರಿಸಿದ್ದವಳು ಮತ್ತೆ ಮೊದಲಿನಂಗ ಆದಳು. ಅಂಜಿಕೆ ಇಳಿಯುವುದು ಅಂದ್ರ ಹಳೆಯದು ಅಳಿಸಿ ಹೋಗುವುದಲ್ಲ, ಅದರ ಮ್ಯಾಲ ಹೊಸದೊಂದು ಪಾಠ ಬರೆಯುವುದು. ಇಳಿದದ್ದು ತಾನಾಗಿಯೇ ಮತ್ತೆ ಏಳುತ್ತದೆ ಅಂತ ರಷ್ಯಾದ ಪಾವ್ಲೋವ್ ತನ್ನ ನಾಯಿಗಳಲ್ಲಿ ಯಾವಾಗೋ ಕಂಡಿದ್ದ. ಅತ್ತಿ ತೀರಿಕೊಂಡದ್ದು 2011ರಲ್ಲಿ, ಆ ಶೆಡ್ಡಿನಾಗೇ. ಅಷ್ಟರಲ್ಲಿ ಮಗ ಆರ್‌ಸಿಸಿ ಮನಿ ಕಟ್ಟಿಸಿ ಆರು ವರ್ಷ ಆಗಿತ್ತು.

ಒಂದೇ ಮನೆ, ಒಂದೇ ರಾತ್ರಿ, ಒಂದೇ ಸಪ್ಪಳ. ಒಬ್ಬರಿಗೆ ಒಂದು ತಿಂಗಳು, ಒಬ್ಬರಿಗೆ ಹದಿನೆಂಟು ವರ್ಷ ಯಾಕೆ? ಅತ್ತಿಯ ಮಿದುಳಿನಲ್ಲಿ ಏನಿತ್ತು ಅಂತ ಹೇಳಲು ನಾನ್ಯಾರು. ಆದರೆ ಸಂಶೋಧನೆ ಕೆಲವು ದಾರಿ ತೋರಿಸಿದೆ. 'ಫಾ' ಕಿಣ್ವದ ಜೀನ್ ಎಲ್ಲರಲ್ಲೂ ಒಂದೇ ಥರ ಇಲ್ಲ. ಕೆಲವರಲ್ಲಿ ಅದರ ಒಂದು ಅಕ್ಷರ ಬೇರೆ. ಅಂಥವರಲ್ಲಿ ಕಿಣ್ವ ಕಡಿಮೆ, ಆನಂದಮೈಡ್ ಹೆಚ್ಚು. ಇದೇ ಬದಲಾವಣೆಯನ್ನು ಇಲಿಗಳಲ್ಲಿ ಮಾಡಿ, ಮನುಷ್ಯರಲ್ಲೂ ಪರೀಕ್ಷಿಸಿ, ಅಂಥವರ ಅಂಜಿಕೆ ಬೇಗ ಇಳಿಯುತ್ತದೆ ಅಂತ 2015ರಲ್ಲಿ ಅಮೆರಿಕದ ಒಂದು ತಂಡ ತೋರಿಸಿತು. ಇನ್ನೊಂದು ಸಂಗತಿ ಒತ್ತಡದ್ದು. ದೀರ್ಘಕಾಲದ ಒತ್ತಡದಲ್ಲಿ ಅಮಿಗ್ಡಾಲಾದೊಳಗೆ 'ಫಾ' ಚುರುಕಾಗುತ್ತದೆ, ಆನಂದಮೈಡ್ ಕುಗ್ಗುತ್ತದೆ ಅಂತ ಇಲಿಗಳಲ್ಲಿ ಕಂಡಿದೆ. "ಸಾಕೋ" ಅನ್ನುವ ದನಿಯೇ ಸಣ್ಣದಾಗುತ್ತದೆ ಅಂತ ಅರ್ಥ. ಗಂಡನಿಲ್ಲದ, ಎರಡು ಎಕರೆ ಒಣ ಹೊಲದ ಹೆಂಗಸಿಗೆ ಒತ್ತಡ ಇರಲಿಲ್ಲ ಅಂತ ಯಾರು ಹೇಳುತ್ತಾರೆ?

ಇನ್ನು ಗುಳಿಗೆಯ ಕತೆ. ಭಂಗಿ ಕುಡಿದವನಿಗೆ ಹಸಿವು ಹೆಚ್ಚು ಅನ್ನುವುದು ಎಲ್ಲರಿಗೂ ಗೊತ್ತು. ಹಾಗಾದರೆ ಸಿಬಿ-1 ಮುಚ್ಚಿಬಿಟ್ಟರೆ ಹಸಿವು ಕಡಿಮೆಯಾಗಿ ಬೊಜ್ಜು ಇಳಿಯಬೇಕು. ಈ ಲೆಕ್ಕದ ಮೇಲೆ ಫ್ರಾನ್ಸಿನ ಸನೋಫಿ ಕಂಪನಿ 1994ರಲ್ಲಿ ಮಾಡಿದ ವಸ್ತುವೇ ರಿಮೊನಬಂಟ್. 2006ರಲ್ಲಿ ಯುರೋಪಿನಲ್ಲಿ ಮಾರಾಟಕ್ಕೆ ಬಂತು. ತೂಕ ಇಳಿಯಿತು, ಸುಳ್ಳಲ್ಲ. ಆದರೆ ಹಸಿವಿನ ಬಾಗಿಲು ಮುಚ್ಚಲು ಹೋದ ಔಷಧಿ ಅಂಜಿಕೆ ಇಳಿಯುವ ಬಾಗಿಲನ್ನೂ ಮುಚ್ಚಿತು. ಮ್ಯೂನಿಕ್‌ನ ಇಲಿಗಳು ನಾಲ್ಕು ವರ್ಷ ಮೊದಲೇ ಹೇಳಿದ್ದವು, ಕೇಳಿಸಿಕೊಂಡವರು ಕಡಿಮೆ. 2007ರ ಜೂನ್‌ನಲ್ಲಿ ಅಮೆರಿಕದ ಸಲಹಾ ಸಮಿತಿ ಬೇಡ ಅಂದಿತು. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎಲ್ಲ ಪರೀಕ್ಷೆಗಳನ್ನೂ ಕೂಡಿಸಿ ನೋಡಿದ ಲೆಕ್ಕ ಬಂತು. ಗಾಬರಿಯಿಂದ ಗುಳಿಗೆ ಬಿಡುವ ಸಂಭವ ಸುಮಾರು 3 ಪಟ್ಟು, ಖಿನ್ನತೆಯಿಂದ ಬಿಡುವುದು ಎರಡೂವರೆ ಪಟ್ಟು ಹೆಚ್ಚಿತ್ತು. 2008ರ ಅಕ್ಟೋಬರ್‌ನಲ್ಲಿ ಯುರೋಪ್ ನಿಲ್ಲಿಸಿತು.

ನಮ್ಮ ದೇಶದಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇದು ಬಂದಿತ್ತು. ಹೊಟ್ಟಿ ಇಳಸೋ ಗುಳಿಗಿ ಅಂತ ಜನ ಕೇಳಿಕೊಂಡು ಬರುತ್ತಿದ್ದರು. 2008ರ ಮಳೆಗಾಲದಲ್ಲಿ ಒಬ್ಬ ಮಾಸ್ತರರ ಹೆಂಡತಿ ಖಾಲಿ ಪಟ್ಟಿ ತಂದು ಕೌಂಟರ್ ಮೇಲೆ ಇಟ್ಟಳು. "ಅಣ್ಣಾ, ಇದು ಚಾಲೂ ಮಾಡಿದಾಗಿಂದ ನಮ್ಮ ಮನಿಯವ್ರು ರಾತ್ರಿ ಎದ್ದು ಕೂಡ್ತಾರ. ಬಾಗಲಾ ಬಡದ್ರ ಬೆಚ್ಚಿ ಬೀಳ್ತಾರ. ಮದಲ ಹಿಂಗಿರಲಿಲ್ರಿ" ಅಂದಳು. ಡಬ್ಬಿಯೊಳಗಿನ ಸಣ್ಣಕ್ಷರದ ಕಾಗದ ಬಿಚ್ಚಿ ನೋಡಿದೆ, ಗಾಬರಿ, ನಿದ್ದೆಗೇಡು ಎರಡೂ ಅದರಲ್ಲಿ ಬರೆದಿದ್ದವು. ಈ ಕಾಗದ ತಗೊಂಡು ಇವತ್ತೇ ಡಾಕ್ಟರ್ ಹತ್ರ ಹೋಗವ್ವಾ ಅಂತ ಕಳಿಸಿದೆ. ಡಾಕ್ಟರ್ ಬಂದ್ ಮಾಡಿದರು. ಒಂದು ತಿಂಗಳ ಮೇಲೆ ಮಾಸ್ತರರೇ ಪೇಪರ್ ಕೈಯಲ್ಲಿ ಹಿಡಿದು ನಗುತ್ತ ಬಂದರು, ಹೊಟ್ಟಿ ಹಂಗೇ ಇತ್ತು. ಒಬ್ಬ ಮನುಷ್ಯನ ಕತೆಯಿಂದ ಏನೂ ಸಿದ್ಧ ಆಗುವುದಿಲ್ಲ ಅಂತ ನನಗೂ ಗೊತ್ತು, ಲ್ಯಾನ್ಸೆಟ್‌ನ ಲೆಕ್ಕ ಸಾವಿರಾರು ಮಂದಿಯದ್ದು. 2009ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ಈ ಔಷಧಿಯನ್ನು ನಿಷೇಧ ಮಾಡಿತು.

ಈಗ ಹಳೆಯ ಒಗಟಿಗೆ ಬರೋಣ. ರಸ ಅಂಜಿಕೆ ಇಳಿಸುವುದಾದರೆ ಗಾಂಜಾ ಸೇದಿದವನಿಗೆ ಗಾಬರಿ ಯಾಕೆ? ಶಿವರಾತ್ರಿ, ಹೋಳಿಗೆ ಭಂಗಿ ಕುಡಿದು, ಒಂದು ತಾಸಾದರೂ ಏನೂ ಆಗಲಿಲ್ಲ ಅಂತ ಇನ್ನೊಂದು ಗ್ಲಾಸು ಏರಿಸಿ, ಆಮೇಲೆ "ಸತ್ತೆ, ಎದಿ ನಿಂತತಿ" ಅಂತ ದವಾಖಾನೆಗೆ ಹೊತ್ತು ತಂದವರನ್ನು ನೀವೂ ನೋಡಿರುತ್ತೀರಿ. 2012ರಲ್ಲಿ ಲುಟ್ಸ್ ತಂಡವೇ ಇದಕ್ಕೆ ಒಂದು ಉತ್ತರ ಕೊಟ್ಟಿತು. ಸಿಬಿ-1 ಎರಡು ಬಗೆಯ ನರಕೋಶಗಳ ಮೇಲಿದೆ. ಒಂದು ಬಗೆಯವು ಮಿದುಳನ್ನು ಕೆರಳಿಸುವವು, ಇನ್ನೊಂದು ತಣಿಸುವವು. ಸ್ವಲ್ಪ ಪ್ರಮಾಣದಲ್ಲಿ ಕೆರಳಿಸುವವುಗಳ ಬಾಯಿ ಮುಚ್ಚುತ್ತದೆ, ಇಲಿ ಧೈರ್ಯದಿಂದ ಓಡಾಡುತ್ತದೆ. ಪ್ರಮಾಣ ಏರಿದರೆ ತಣಿಸುವವುಗಳ ಬಾಯಿಯನ್ನೂ ಮುಚ್ಚುತ್ತದೆ, ಅಂಜಿಕೆ ಹೆಚ್ಚುತ್ತದೆ. ಆನಂದಮೈಡ್ ಬೇಕಾದ ಸಾಲಿಗೆ ಮಾತ್ರ "ಸಾಕೋ" ಅನ್ನುತ್ತದೆ, ಹೊರಗಿಂದ ಬಂದ ಟಿಎಚ್‌ಸಿ ಇಡೀ ಊರಿನ ಮೋಟಾರು ಬಂದ್ ಮಾಡಿಸುತ್ತದೆ. ಇದರ ಜೊತೆ ಗಿಡದ ಇನ್ನೊಂದು ವಸ್ತುವಿನ ಮಾತೂ ಇದೆ. 1982ರಲ್ಲಿ ಬ್ರೆಜಿಲಿನ ಆಂಟೋನಿಯೊ ಜುವಾರ್ಡಿ, ಟಿಎಚ್‌ಸಿ ಜೊತೆಗೆ ಸಿಬಿಡಿ ಕೊಟ್ಟರೆ ಗಾಬರಿ ಕಡಿಮೆ ಆಗುತ್ತದೆ ಅಂತ ಕೆಲವೇ ಜನರಲ್ಲಿ ನೋಡಿದ್ದ. ಟಿಎಚ್‌ಸಿ ಹೆಚ್ಚಾಗಲಿ ಅಂತಲೇ ಬೆಳೆಸಿದ ಇವತ್ತಿನ ಗಾಂಜಾದಲ್ಲಿ ಸಿಬಿಡಿ ಬಹಳ ಕಡಿಮೆ. ಓದುವ ಹುಡುಗರು ಇದನ್ನು ಎರಡು ಸಲ ಓದಲಿ.

ಹೊರಗಿಂದ ಸುರಿಯುವುದರ ಬದಲು ಒಳಗಿನ ಆನಂದಮೈಡ್ ಒಡೆಯದಂಗ ಕಾಯ್ದರೆ? ಅಂದ್ರ 'ಫಾ' ಕಿಣ್ವವನ್ನು ತಡೆದರೆ? ಈ ಉಪಾಯ ಚೊಲೋ ಕಾಣಿಸಿತು, ಹಲವು ಕಂಪನಿಗಳು ಇಳಿದವು. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ಊರಿನಲ್ಲಿ ಪೋರ್ಚುಗಲ್ಲಿನ ಒಂದು ಕಂಪನಿಯ ಇಂಥ ಔಷಧಿಯ ಮೊದಲ ಪರೀಕ್ಷೆ ನಡೆದಿತ್ತು. ಆರು ಜನ ಆಸ್ಪತ್ರೆ ಸೇರಿದರು, ಒಬ್ಬ ತೀರಿಕೊಂಡ. ಆಮೇಲೆ ಪರಿಶೀಲಿಸಿದಾಗ ಆ ಔಷಧಿ 'ಫಾ' ಒಂದನ್ನೇ ಅಲ್ಲ, ಬೇರೆ ಕಿಣ್ವಗಳನ್ನೂ ಹಿಡಿಯುತ್ತಿತ್ತು ಅಂತ ಕಂಡಿತು. ದೋಷ ದಾರಿಯದ್ದಲ್ಲ, ಆ ವಸ್ತುವಿನದ್ದು ಅಂತ ಬಹಳ ವಿಜ್ಞಾನಿಗಳು ಹೇಳಿದರು. ಸತ್ತವನ ಮನೆಯವರಿಗೆ ಆ ವ್ಯತ್ಯಾಸದಿಂದ ಏನು ಸಮಾಧಾನ?

2019ರಲ್ಲಿ ಸ್ಕಾಟ್ಲೆಂಡಿನ ಒಬ್ಬ ವಯಸ್ಸಾದ ಹೆಂಗಸಿನ ವರದಿ ಬಂತು. ಕೈಗೆ ಆಪರೇಷನ್ ಆದ ಮೇಲೆ ನೋವಿನ ಗುಳಿಗೆ ಬೇಡ ಅಂದಳು. ಅರಿವಳಿಕೆ ಡಾಕ್ಟರಿಗೆ ಅನುಮಾನ ಬಂದು ಪರೀಕ್ಷೆಗೆ ಕಳಿಸಿದರು. ಅವಳ 'ಫಾ' ಜೀನ್ ಹತ್ತಿರ ಒಂದು ತುಂಡೇ ಇಲ್ಲ, ರಕ್ತದಲ್ಲಿ ಆನಂದಮೈಡ್ ಹೆಚ್ಚು. ಗಾಬರಿ ಅಳೆಯುವ ಪ್ರಶ್ನೆಪಟ್ಟಿಯಲ್ಲಿ ಅವಳಿಗೆ ಸೊನ್ನೆ. ಜೀವಮಾನದಲ್ಲಿ ಅಂಜಿಕೆಯ ಮಾತೇ ಇಲ್ಲ. ಕೈ ಸುಟ್ಟದ್ದು ಮಾತ್ರ ಚರ್ಮದ ವಾಸನೆ ಬಂದ ಮೇಲೆ ತಿಳಿಯುತ್ತಿತ್ತು, ಶಬ್ದಗಳು ಆಗಾಗ ಮರೆಯುತ್ತಿದ್ದವು.

2020ರಲ್ಲಿ ಸ್ವೀಡನ್ನಿನ ತಂಡವೊಂದು 45 ಆರೋಗ್ಯವಂತರ ಪರೀಕ್ಷೆಯ ಫಲ ಪ್ರಕಟಿಸಿತು. ಕೆಲವರಿಗೆ ಹತ್ತು ದಿನ 'ಫಾ' ತಡೆಯುವ ಬೇರೊಂದು ಔಷಧಿ, ಉಳಿದವರಿಗೆ ಬರೀ ಸಕ್ಕರೆ ಗುಳಿಗೆಯಂಥಾದ್ದು. ಔಷಧಿ ತಗೊಂಡವರ ರಕ್ತದಲ್ಲಿ ಆನಂದಮೈಡ್ ಹತ್ತು ಪಟ್ಟು ಏರಿತು. ಮೊದಲು ಅಂಜಿಕೆ ಕಲಿಸಿ, ಇಳಿಸಿ, ಮರುದಿನ ನೋಡಿದಾಗ ಇಳಿದದ್ದು ಅವರಲ್ಲಿ ಹೆಚ್ಚು ಉಳಿದಿತ್ತು. ಆರೋಗ್ಯವಂತರಲ್ಲಿ ಕಂಡದ್ದು ರೋಗಿಗಳಲ್ಲೂ ಕಾಣಬೇಕಲ್ಲ, ಆ ಕೆಲಸ ನಡೆದಿದೆ. ಅಂಜಿಕೆಗೆ ಅಂತ ಈ ದಾರಿಯ ಒಂದು ಗುಳಿಗೆಯೂ ನಮ್ಮ ಅಂಗಡಿಯ ಕಪಾಟಿಗೆ ಬಂದಿಲ್ಲ. ಡಾಕ್ಟರು ಬರೆಯುವುದು ಬೇರೆ ಜಾತಿಯ ಔಷಧಿ. ಅದರ ಜೊತೆಗೆ ಅಂಜಿಕೆ ತರುವ ಸಂಗತಿಯ ಹತ್ತಿರಕ್ಕೆ ರೋಗಿಯನ್ನು ಸ್ವಲ್ಪಸ್ವಲ್ಪ ಕರೆದೊಯ್ಯುವ ಚಿಕಿತ್ಸೆ, ಇಲಿಗೆ ಶಾಕ್ ಇಲ್ಲದೆ ಸ್ವರ ಕೇಳಿಸಿದಂಗೇ. ಇಂಥ ತೊಂದರೆ ಇದ್ದವರು ಸರ್ಕಾರದ ಟೆಲಿ-ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಚೀಟಿ ಇಲ್ಲದೆ ಆಲ್‌ಪ್ರಜೋಲಮ್ ಕೊಡ್ರಿ ಅಂತ ರಾತ್ರಿ ಒಂಬತ್ತಕ್ಕೆ ಬರುವವರನ್ನು ಮಾತ್ರ ಈಗಲೂ ವಾಪಸ್ ಕಳಿಸುತ್ತೇವೆ.